ಹಕ್ಕಿ, ಅಕ್ಕಿ ಮತ್ತು ಸಂದರ್ಶನದ ಮೇಜು

ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಎಡಕ್ಕೆ ಕ್ರಮಸಂಖ್ಯೆ, ಆಮೇಲೆ ನಾಲ್ಕು ಕಾಲಂ, ಕೊನೆಗೆ ಷರಾ ಬರೆಯಲು ಒಂದಿಷ್ಟು ಜಾಗ. ಹನ್ನೊಂದನೇ ಸಾಲಿನಲ್ಲಿ ನನ್ನದೇ ಕೈಬರಹ: ವಿಷಯಜ್ಞಾನ 8, ಬರವಣಿಗೆ 8, ವ್ಯಕ್ತಿತ್ವ 4, ಸಂವಹನ 3. ಷರಾದಲ್ಲಿ, 'ಕೆಲಸ ಗೊತ್ತು. ಪಾಲಿಶ್ ಸಾಲದು. ನಮ್ಮ ತಂಡಕ್ಕೆ ಹೊಂದಿಕೊಳ್ಳೋದು ಕಷ್ಟ.'

ನಮ್ಮದು ಕಾನೂನು, ಸರ್ಕಾರಿ ಯೋಜನೆ ಇಂಥವನ್ನೆಲ್ಲ ಜನಕ್ಕೆ ತಿಳಿಯುವ ಹಾಗೆ ಬರೆದು, ಊರೂರಿಗೆ ಹೋಗಿ ವಿವರಿಸುವ ಸಂಸ್ಥೆ. ಆ ಕೆಲಸಕ್ಕೆ ಹೊಸಬರನ್ನು ತೆಗೆದುಕೊಳ್ಳುವ ಸಮಿತಿಯಲ್ಲಿ ನಾನು ಮೂರು ವರ್ಷದಿಂದ ಇದ್ದೆ. ಹನ್ನೊಂದನೇ ಸಾಲಿನ ಹುಡುಗಿ ಇಪ್ಪತ್ತು ನಿಮಿಷ ಮಾತಾಡಿದಳು. ಕೇಳಿದ್ದಕ್ಕೆಲ್ಲ ನೇರ ಉತ್ತರ. ಒಂದು ಕಡೆ ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು, ಅದನ್ನೂ ನಯವಾಗಿ ಹೇಳಿದಳು. ಆದರೆ ಹಕ್ಕು ಎನ್ನಬೇಕಾದ ಕಡೆಯೆಲ್ಲ 'ಅಕ್ಕು' ಅಂದಳು. 'ಮಾಯ್ತಿ ಅಕ್ಕು', 'ಎಣ್ಮಕ್ಕಳ ಆಸ್ತಿ ಅಕ್ಕು'. ಮೇಜಿನ ಈಚೆ ಕೂತ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ. ಅವಳು ಬಾಗಿಲು ಎಳೆದುಕೊಂಡು ಹೋದ ಮೇಲೆ ಸಮಿತಿಯ ಹಿರಿಯರು, "ಹುಡುಗಿ ಒಳ್ಳೆಯವಳೇ, ಆದ್ರೆ..." ಅಂದರು. ಆ 'ಆದ್ರೆ' ಸಾಕಾಯಿತು. ಮೂವರ ಪೆನ್ನೂ ಒಟ್ಟಿಗೆ ಕೆಳಗಿಳಿಯಿತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಾನು ಹುಟ್ಟಿದ್ದೂ 'ಅಕ್ಕು' ಅನ್ನುವವರ ಮನೆಯಲ್ಲೇ.

ನಾಲ್ಕನೇ ತರಗತಿಯಲ್ಲಿ ಎದ್ದು ನಿಂತು ಪಾಠ ಓದುತ್ತಿದ್ದೆ. ಪುಸ್ತಕದಲ್ಲಿ 'ಹಾರುವ ಹಕ್ಕಿ' ಅಂತ ಇತ್ತು. ನನ್ನ ಬಾಯಲ್ಲಿ 'ಆರುವ ಅಕ್ಕಿ' ಆಗಿ ಬಂತು. ಮೇಷ್ಟ್ರು, "ಅಕ್ಕಿ ಯಾಕಮ್ಮ ಆರ್ತದೆ? ನೆನೆ ಹಾಕಿದ್ಯಾ?" ಅಂದರು. ಇಡೀ ತರಗತಿ ನಕ್ಕಿತು. ನಕ್ಕವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯಲ್ಲೂ ಅದು ಅಕ್ಕಿಯೇ ಆಗಿತ್ತು ಅನ್ನುವುದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಮೇಷ್ಟ್ರು ಕೆಟ್ಟವರಲ್ಲ. ತರಗತಿ ಮುಗಿದ ಮೇಲೆ ನನ್ನನ್ನು ಕರೆದು ಉಪಾಯ ಹೇಳಿಕೊಟ್ಟರು. ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೋ, 'ಹ' ಅಂದರೆ ಬಿಸಿಯುಸಿರು ತಾಗಬೇಕು, ತಾಗದಿದ್ದರೆ ಅದು 'ಅ'. ರಾತ್ರಿ ಹೊದಿಕೆಯೊಳಗೆ ಅಂಗೈ ಹಿಡಿದು ಹಸು, ಹಣ, ಹೊಲ, ಹಬ್ಬ ಅಂತ ಹೇಳಿಕೊಳ್ಳುತ್ತಿದ್ದೆ. ಅಂಗೈ ಒದ್ದೆಯಾಗುತ್ತಿತ್ತು.

ಕಲಿತೆ. ಕಲಿತದ್ದು ಹೆಚ್ಚೇ ಆಯಿತು. ಎಲ್ಲಿ ಹ ಬರಬೇಕೆಂದು ಖಾತ್ರಿ ಇಲ್ಲದ ಕಡೆಯೂ ಹಾಕತೊಡಗಿದೆ. 'ಆದರೆ' ಅನ್ನುವುದು ಎರಡು ವರ್ಷ ನನ್ನ ಬಾಯಲ್ಲಿ 'ಹಾದರೆ' ಆಗಿತ್ತು. ಈ ಅತಿ ಎಚ್ಚರಕ್ಕೆ ಭಾಷಾಶಾಸ್ತ್ರದಲ್ಲಿ ಹೆಸರೇ ಇದೆ, ಅತಿತಿದ್ದುಪಡಿ ಅನ್ನಬಹುದು. ವಿಲಿಯಂ ಲೆಬೋವ್ ಎಂಬ ಭಾಷಾಶಾಸ್ತ್ರಜ್ಞ 1962ರಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಮಳಿಗೆಗಳಿಗೆ ಗಿರಾಕಿಯ ಹಾಗೆ ಹೋಗಿ, ನಾಲ್ಕನೇ ಮಹಡಿಯಲ್ಲಿದೆ ಎಂದು ಮೊದಲೇ ಗೊತ್ತಿದ್ದ ಸಾಮಾನು ಎಲ್ಲಿದೆ ಎಂದು ಕೆಲಸಗಾರರನ್ನು ಕೇಳುತ್ತಿದ್ದರು. 'ಫೋರ್ತ್ ಫ್ಲೋರ್' ಎಂಬ ಉತ್ತರದಲ್ಲಿ 'ರ್' ಕೇಳುತ್ತದೋ ಇಲ್ಲವೋ ಅನ್ನುವುದಷ್ಟೇ ಅವರಿಗೆ ಬೇಕಿದ್ದದ್ದು. ಸಿರಿವಂತರ ಮಳಿಗೆಯಲ್ಲಿ ಅದು ಹೆಚ್ಚು ಕೇಳಿತು, ಅಗ್ಗದ ಮಳಿಗೆಯಲ್ಲಿ ತೀರಾ ಕಡಿಮೆ. 1966ರಲ್ಲಿ ಪ್ರಕಟವಾದ ಅವರ ದೊಡ್ಡ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇತ್ತು. ತೀರಾ ಎಚ್ಚರದಿಂದ ಓದುವಾಗ ಕೆಳ ಮಧ್ಯಮ ವರ್ಗದವರು ಮೇಲಿನವರಿಗಿಂತಲೂ ಹೆಚ್ಚು 'ರ್' ಉಚ್ಚರಿಸುತ್ತಿದ್ದರು. ನ್ಯೂಯಾರ್ಕಿನಲ್ಲೂ ಯಾರೋ 'ಹಾದರೆ' ಅನ್ನುತ್ತಿದ್ದರಲ್ಲ ಅಂತ ಓದುವಾಗ ನಗು ಬಂತು. ಸ್ವಲ್ಪ ಹೊತ್ತಾದ ಮೇಲೆ ನಗು ಹೋಯಿತು.

ಕಲಿತದ್ದರಿಂದ ಆದ ಲಾಭ ಎಲ್ಲರಿಗೂ ಕಾಣಿಸುವಂಥದ್ದು. ಭಾಷಣ ಸ್ಪರ್ಧೆ, ಕಾಲೇಜು, ಕೆಲಸ. ನಷ್ಟದ ಲೆಕ್ಕ ಯಾರೂ ಇಡುವುದಿಲ್ಲ. ಪ್ರೌಢಶಾಲೆಯಲ್ಲಿ ಪೋಷಕರ ಸಭೆಗೆ ಅವ್ವ ಬಂದಾಗ ಗೇಟಿನಲ್ಲೇ ನಿಲ್ಲಿಸಿ, "ನೀನು ಸುಮ್ನಿರವ್ವ, ನಾನೇ ಮಾತಾಡ್ತೀನಿ" ಅಂದೆ. ಅವ್ವ ನಕ್ಕಳು, ಸೆರಗು ಸರಿಮಾಡಿಕೊಂಡಳು, ಸಭೆ ಮುಗಿಯುವವರೆಗೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ಒಂದು ನಿಮಿಷ ಸುಮ್ಮನಿರದ ಹೆಂಗಸು. ಅಲ್ಲಿಂದ ಮುಂದೆ ಬ್ಯಾಂಕು, ಆಸ್ಪತ್ರೆ, ಕಚೇರಿ ಎಲ್ಲಿಗೆ ಹೋದರೂ ಮಾತು ನನ್ನದೇ. ಅದನ್ನು ನಾನು ಜವಾಬ್ದಾರಿ ಅಂದುಕೊಂಡಿದ್ದೆ.

ಇನ್ನೊಂದು ತಮಾಷೆ ಇದೆ. ನನ್ನನ್ನು ಅಷ್ಟು ಕಾಡಿದ ಈ 'ಹ' ಕನ್ನಡದಲ್ಲಿ ಅನಾದಿಯಿಂದ ಇದ್ದದ್ದೇನಲ್ಲ. ಪಂಪನ ಕಾಲದ ಕನ್ನಡದಲ್ಲಿ ಅದು ಪಕ್ಕಿ. ಪಾಲ್, ಪತ್ತು, ಪೋಗು. ನಡುಗನ್ನಡದ ಹೊತ್ತಿಗೆ ಈ ಪಕಾರಗಳೆಲ್ಲ ಸಡಿಲಗೊಂಡು ಹಕಾರವಾದವು. ಪಕ್ಕಿ ಹಕ್ಕಿಯಾಯಿತು. ಹಕ್ಕಿ ಅಕ್ಕಿಯಾಗುವುದು ಅದೇ ದಾರಿಯ ಮುಂದಿನ ಹೆಜ್ಜೆ. ಮೊದಲ ಹೆಜ್ಜೆಗೆ ಭಾಷೆಯ ಬೆಳವಣಿಗೆ ಅಂತ ಹೆಸರು, ಎರಡನೆಯದಕ್ಕೆ ಅಶುದ್ಧ ಉಚ್ಚಾರಣೆ ಅಂತ. ಬಾಯಿಯ ದೃಷ್ಟಿಯಿಂದ ಎರಡಕ್ಕೂ ವ್ಯತ್ಯಾಸವಿಲ್ಲ. ಯಾರ ಬಾಯಿ ಅನ್ನುವುದರಲ್ಲಿ ಇದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು, ಹೆಚ್ಚಿನ ಕನ್ನಡಿಗರು ಮಾತಿನಲ್ಲಿ ಮಹಾಪ್ರಾಣಗಳನ್ನು ಉಚ್ಚರಿಸುವುದೇ ಇಲ್ಲ, ಬರವಣಿಗೆಯಲ್ಲಿ ಅವು ಯಾಕೆ ಬೇಕು ಎಂದು ಕೇಳಿದಾಗ ಎದ್ದ ಗದ್ದಲ ನೆನಪಿಸಿಕೊಳ್ಳಿ. ಅಷ್ಟು ಸಿಟ್ಟು ಬರೀ ಅಕ್ಷರಗಳ ಮೇಲಿನ ಪ್ರೀತಿಗೆ ಬರುತ್ತದೆಂದು ನನಗೆ ಅನ್ನಿಸುವುದಿಲ್ಲ. ಕಷ್ಟಪಟ್ಟು ಏರಿದ ಮೆಟ್ಟಿಲನ್ನು ಯಾರೋ ಬೇಡ ಅಂದರೆ ಏರಿದವರಿಗೆ ಉರಿಯುತ್ತದೆ. ನನಗೂ ಆಗ ಉರಿದಿತ್ತು.

ಹನ್ನೊಂದನೇ ಸಾಲನ್ನು ನಾನು ಮರೆತಿದ್ದೆ. ಮರುವರ್ಷ ಮತ್ತೆ ಆಯ್ಕೆಯ ಹೊತ್ತು ಬಂದಾಗ, ಕಡತ ನೋಡಿಕೊಳ್ಳುವ ಕಿರಿಯ ಸಹೋದ್ಯೋಗಿಯೊಬ್ಬಳು ಹಳೆಯ ಅಂಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ನನ್ನ ಮೇಜಿಗೆ ಬಂದಳು. "ಮೇಡಂ, ಒಂದು ವಿಚಿತ್ರ ನೋಡಿ. ವಿಷಯಜ್ಞಾನದಲ್ಲಿ ಎಲ್ಲರಿಗೂ ಏಳೋ ಎಂಟೋ ಕೊಟ್ಟಿದ್ದೀರಿ. ವ್ಯಕ್ತಿತ್ವದಲ್ಲಿ ಮಾತ್ರ ಮೂರರಿಂದ ಒಂಬತ್ತರ ತನಕ ಇದೆ."

ಅದರಲ್ಲೇನು ವಿಚಿತ್ರ ಅಂದೆ. ಅವಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ನಾಲ್ಕು ಕಾಲಂಗೂ ಹತ್ತತ್ತೇ ಅಂಕ ಇರಬಹುದು, ಆದರೆ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ಅಂಕ ಸಿಗುವ ಕಾಲಂ ಯಾರನ್ನೂ ಮೇಲೆ ಕೆಳಗೆ ಮಾಡುವುದಿಲ್ಲ. ಅಂಕಗಳು ಎಲ್ಲಿ ಚದುರಿವೆಯೋ ಆ ಕಾಲಂ ಒಂದೇ ಸರದಿ ತೀರ್ಮಾನಿಸುತ್ತದೆ. ಅಂದರೆ ನಾವು ನಾಲ್ಕು ವಿಷಯ ನೋಡಿ ಆರಿಸುತ್ತಿದ್ದೇವೆ ಅಂದುಕೊಂಡು ಇಷ್ಟು ವರ್ಷ ಒಂದೇ ನೋಡಿ ಆರಿಸಿದ್ದೆವು.

"ವ್ಯಕ್ತಿತ್ವ ಅಂದ್ರೆ ಏನಂತ ಬರೆದುಕೊಳ್ಳಲಿ ಮೇಡಂ?"

ಮೂವರೂ ಮೂರು ಉತ್ತರ ಕೊಟ್ಟೆವು. ಒಬ್ಬರಿಗೆ ಅದು ಆತ್ಮವಿಶ್ವಾಸ, ಒಬ್ಬರಿಗೆ ಸಂಸ್ಕಾರ. ನಾನು "ನೋಡಿದ ತಕ್ಷಣ ಗೊತ್ತಾಗುತ್ತೆ" ಅಂದೆ. ಈಗ ಯೋಚಿಸಿದರೆ ಮೂರರಲ್ಲಿ ಪ್ರಾಮಾಣಿಕ ಉತ್ತರ ನನ್ನದೇ. ನೋಡಿದ ತಕ್ಷಣ ಗೊತ್ತಾಗುತ್ತಿದ್ದದ್ದು ಏನು ಅನ್ನುವುದನ್ನು ಮಾತ್ರ ಹೇಳಿರಲಿಲ್ಲ.

ಆಮೇಲೆ ಒಂದಿಷ್ಟು ಓದಿದೆ. ಲಾರೆನ್ ರಿವೆರಾ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ದೊಡ್ಡ ಬ್ಯಾಂಕು, ಕಾನೂನು ಮತ್ತು ಸಲಹಾ ಸಂಸ್ಥೆಗಳಲ್ಲಿ ಕೆಲಸಕ್ಕೆ ಆರಿಸುವ 120 ಮಂದಿಯನ್ನು ಮಾತಾಡಿಸಿ 2012ರಲ್ಲಿ ಒಂದು ಲೇಖನ ಪ್ರಕಟಿಸಿದರು. ಆರಿಸುವವರು ಹುಡುಕುತ್ತಿದ್ದದ್ದು ಬರೀ ಸಾಮರ್ಥ್ಯವನ್ನಲ್ಲ, ತಮ್ಮ ಹಾಗೇ ಮಾತಾಡುವ, ತಮ್ಮ ಹಾಗೇ ಬಿಡುವು ಕಳೆಯುವ ಜೊತೆಗಾರರನ್ನು. ಅದನ್ನು ಅವರು ಮುಚ್ಚಿಟ್ಟೂ ಇರಲಿಲ್ಲ, ಅದೇ ಯೋಗ್ಯತೆಯ ಗುರುತು ಅಂತ ನಂಬಿದ್ದರು. ನಾಲ್ಕು ವರ್ಷದ ನಂತರ ಅವರೇ ಇನ್ನೊಬ್ಬ ಸಂಶೋಧಕರ ಜೊತೆ ಸೇರಿ ಕಾನೂನು ಸಂಸ್ಥೆಗಳಿಗೆ ಕಾಲ್ಪನಿಕ ಅರ್ಜಿಗಳನ್ನು ಕಳಿಸಿ ನೋಡಿದರು. ಓದು, ಅಂಕ ಎಲ್ಲ ಒಂದೇ. ಹವ್ಯಾಸ ಮಾತ್ರ ಬೇರೆ, ಕೆಲವದರಲ್ಲಿ ಹಾಯಿದೋಣಿ, ಪೋಲೊ, ಶಾಸ್ತ್ರೀಯ ಸಂಗೀತ, ಉಳಿದವುಗಳಲ್ಲಿ ಓಟ, ಫುಟ್‌ಬಾಲು. ಹಾಯಿದೋಣಿಯ ಗಂಡಸರಿಗೆ ನೂರಕ್ಕೆ ಹದಿನಾರರಷ್ಟು ಕಡೆಯಿಂದ ಕರೆ ಬಂತು, ಉಳಿದವರೆಲ್ಲ ತೀರಾ ಹಿಂದೆ. ಅದೇ ಹಾಯಿದೋಣಿ ಹೆಣ್ಣಿನ ಹೆಸರಿನ ಕೆಳಗಿದ್ದರೆ ಅದರಿಂದ ಏನೂ ಉಪಯೋಗ ಆಗಲಿಲ್ಲ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ಇದನ್ನು ಸಾಂಸ್ಕೃತಿಕ ಬಂಡವಾಳ ಎಂದು ಕರೆದ. ಅವನೂ ಹಳ್ಳಿಯ ಅಂಚೆ ನೌಕರನ ಮಗ, ಪ್ಯಾರಿಸಿನ ದೊಡ್ಡ ವಿದ್ಯಾಸಂಸ್ಥೆಗಳನ್ನು ಹೊರಗಿನವನ ಕಣ್ಣಿಂದ ನೋಡಿದವನು. ಮಾತಿನ ಧಾಟಿ, ಕೂರುವ ರೀತಿ, ಯಾವುದಕ್ಕೆ ನಗಬೇಕು ಯಾವುದಕ್ಕೆ ನಗಬಾರದು ಎಂಬ ಅಂದಾಜು, ಇವೆಲ್ಲ ಹಣದಷ್ಟೇ ಕೆಲಸ ಮಾಡುತ್ತವೆ. ಹಣವಾದರೆ ಅಪ್ಪನಿಂದ ಬಂತು ಅಂತ ಎಲ್ಲರಿಗೂ ತಿಳಿಯುತ್ತದೆ. ಇದು ಅಪ್ಪನಿಂದ ಬಂದರೂ ಸ್ವಂತ ಪ್ರತಿಭೆಯ ಹಾಗೆ ಕಾಣುತ್ತದೆ.

ಸರಿ, ಈ ವರ್ಷ ಹೆಸರು ಮುಚ್ಚಿ ಅರ್ಜಿ ಓದೋಣ ಅಂತ ತೀರ್ಮಾನವಾಯಿತು. ಕೇಳಲಿಕ್ಕೆ ಸುಲಭ. ಕಪ್ಪು ಮಾರ್ಕರ್ ಹಿಡಿದು ಕೂತೆವು. ಹಾಳೆಯನ್ನು ಬೆಳಕಿಗೆ ಹಿಡಿದರೆ ಮಸಿಯ ಹಿಂದಿನ ಹೆಸರು ನಿಚ್ಚಳವಾಗಿ ಕಾಣುತ್ತಿತ್ತು. ಮೊದಲ ಅರ್ಜಿಗೇ ನಾನು ಬೆಳಕಿಗೆ ಹಿಡಿದು ನೋಡಿದ್ದೆ, ಸುಳ್ಳು ಯಾಕೆ ಹೇಳಲಿ. ಬೇಕೆಂದು ಅಲ್ಲ, ಕೈ ತಾನಾಗೇ ಮೇಲೆ ಹೋಯಿತು. ಹೆಸರು ತಿಳಿಯದೆ ಒಬ್ಬರ ಬಗ್ಗೆ ಓದುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಯಾರನ್ನಾದರೂ ಭೇಟಿಯಾದಾಗ ನಾವು ಜಾತಿ ಕೇಳುವುದಿಲ್ಲ, ನಾಗರಿಕರು ನೋಡಿ. "ಯಾವ ಕಡೆಯವರು?", "ಪೂರ್ತಿ ಹೆಸರು ಏನಂದ್ರಿ?", "ಮನೇಲಿ ಏನು ಮಾತಾಡ್ತೀರಿ?" ಅಂತ ಸುತ್ತಿ ಬರುತ್ತೇವೆ. ಮಸಿ ಬಳಿದ ಹಾಳೆ ಈ ದಾರಿಯನ್ನೆಲ್ಲ ಮುಚ್ಚಿತ್ತು. ಎಲ್ಲಿ ಕಾಲಿಡಬೇಕೋ ತಿಳಿಯಲಿಲ್ಲ.

ಹೆಸರು ಯಾಕೆ ಮುಖ್ಯ ಎಂಬುದಕ್ಕೆ ಪುರಾವೆ ಬೇಕಾದಷ್ಟಿದೆ. ಬಾಸ್ಟನ್ ಮತ್ತು ಶಿಕಾಗೋಗಳಲ್ಲಿ ಸುಮಾರು 5,000 ಕಾಲ್ಪನಿಕ ಅರ್ಜಿ ಕಳಿಸಿದ ಮೇರಿಯನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ 2004ರಲ್ಲಿ ತೋರಿಸಿದಂತೆ, ಬಿಳಿಯರದ್ದೆನಿಸುವ ಹೆಸರಿನ ಅರ್ಜಿಗೆ ಕರಿಯರದ್ದೆನಿಸುವ ಹೆಸರಿನ ಅರ್ಜಿಗಿಂತ ಶೇ 50ರಷ್ಟು ಹೆಚ್ಚು ಕರೆ ಬಂದಿತ್ತು. ನಮ್ಮ ದೇಶದ ಖಾಸಗಿ ಉದ್ಯೋಗಗಳ ಬಗ್ಗೆ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅದೇ ಕಥೆ. ಓದು ಒಂದೇ ಆದರೂ ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಕಡಿಮೆ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ.

ಮಾರ್ಕರ್ ಬಿಟ್ಟು ಅರ್ಜಿಗಳನ್ನೆಲ್ಲ ಹೊಸದಾಗಿ ಟೈಪ್ ಮಾಡಿಸಿದೆವು. ಹೆಸರು ಹೋಯಿತು, ಫೋಟೊ ಹೋಯಿತು. ಆದರೆ ಗುರುತು ಅನ್ನುವುದು ಹೆಸರಿನಲ್ಲಿ ಮಾತ್ರ ಇರುವುದಿಲ್ಲ, ಇಡೀ ಹಾಳೆಗೆ ಸೋರಿರುತ್ತದೆ. ಶಾಲೆಯ ಹೆಸರು, ಕಲಿತ ಮಾಧ್ಯಮ, ವಿಳಾಸ. ಹವ್ಯಾಸದ ಸಾಲಿನಲ್ಲಿ ಒಬ್ಬರದು ಪಿಯಾನೊ, ಚಾರಣ, ಇನ್ನೊಬ್ಬರದು 'ಪುಸ್ತಕ ಓದುವುದು' ಅಷ್ಟೇ. ವಾದ್ಯವೃಂದಗಳಿಗೆ ಆಯ್ಕೆ ಮಾಡುವಾಗ ನುಡಿಸುವವರು ಕಾಣದ ಹಾಗೆ ಪರದೆ ಕಟ್ಟುವ ಪದ್ಧತಿ ಅಮೆರಿಕದಲ್ಲಿ 1970ರ ದಶಕದಿಂದ ಹರಡಿತು. ಕೆಲವು ಕಡೆ ಪರದೆ ಸಾಲದೆ ನೆಲಕ್ಕೆ ಜಮಖಾನ ಹಾಸಬೇಕಾಯಿತಂತೆ, ಚಪ್ಪಲಿಯ ಸದ್ದಿನಲ್ಲೇ ಬಂದವರು ಹೆಂಗಸೋ ಗಂಡಸೋ ತಿಳಿಯುತ್ತಿತ್ತು. ಪರದೆಯಿಂದ ಹೆಂಗಸರಿಗೆ ಎಷ್ಟು ಅನುಕೂಲವಾಯಿತು ಎಂಬ ಅಂಕಿಗಳ ಬಗ್ಗೆ ಆಮೇಲೆ ತಕರಾರುಗಳೆದ್ದಿವೆ. ನನಗೆ ಜಮಖಾನದ ಸಂಗತಿಯೇ ಸಾಕು. ನಾವು ಆ ವರ್ಷ ಮಾಡಿದ್ದೆಲ್ಲ ಜಮಖಾನ ಹಾಸುವ ಕೆಲಸವೇ.

ಎಲ್ಲಕ್ಕಿಂತ ಹೆಚ್ಚು ಜಗಳ ನಡೆದದ್ದು 'ತಂದೆಯ ಉದ್ಯೋಗ' ಎಂಬ ಒಂದು ಗೆರೆಯ ಮೇಲೆ. ಅದು ಅರ್ಜಿಯಲ್ಲಿ ಯಾಕಿದೆ ಎಂದು ಯಾರಿಗೂ ಗೊತ್ತಿಲ್ಲ. ಹಳೆಯ ನಮೂನೆಯಿಂದ ನಕಲಾಗಿ ನಕಲಾಗಿ ಬಂದಿತ್ತು. ತಾಯಿಯ ಉದ್ಯೋಗಕ್ಕೆ ಗೆರೆಯೂ ಇರಲಿಲ್ಲ. ಅದನ್ನು ತೆಗೆಯೋಣ ಅಂದಾಗ ಹಿರಿಯರು ಒಪ್ಪಲಿಲ್ಲ. ಅವರ ವಾದವನ್ನು ನ್ಯಾಯವಾಗಿ ಹೇಳಬೇಕು, ಯಾಕೆಂದರೆ ಅದರಲ್ಲಿ ಹುರುಳಿತ್ತು. "ಕೂಲಿ ಮಾಡೋರ ಮಗ 65 ಪರ್ಸೆಂಟ್ ತಗೊಂಡಿದ್ದಾನೆ, ಡಾಕ್ಟರ ಮಗ 70 ತಗೊಂಡಿದ್ದಾನೆ. ನೀವು ಆ ಗೆರೆ ತೆಗೆದ್ರೆ ಇಬ್ಬರಲ್ಲಿ ಯಾರು ಹೆಚ್ಚು ದೂರ ನಡೆದು ಬಂದರು ಅಂತ ನನಗೆ ಹೇಗೆ ಗೊತ್ತಾಗಬೇಕು?" ಅಂದರು. ಕಣ್ಣು ಕಟ್ಟಿಕೊಳ್ಳುವುದೇ ನ್ಯಾಯ ಅಲ್ಲ, ಕಣ್ಣು ಕಟ್ಟಿದರೆ ಅನ್ಯಾಯವೂ ಕಾಣುವುದಿಲ್ಲ. ಒಪ್ಪಿದೆ. ಆದರೆ ಕಳೆದ ಮೂರು ವರ್ಷದಲ್ಲಿ ಆ ಗೆರೆ ನೋಡಿ ನಾವು ಕೂಲಿಯವರ ಮಗನಿಗೆ ಒಂದು ಅಂಕವನ್ನಾದರೂ ಹೆಚ್ಚು ಕೊಟ್ಟಿದ್ದೇವಾ ಅಂತ ಕಿರಿಯಳು ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಗೆರೆ ಹೋಯಿತು. ಬದಲಿಗೆ 'ಓದುವಾಗ ಎದುರಾದ ಅಡ್ಡಿಗಳೇನಾದರೂ ಇದ್ದರೆ ಬರೆಯಿರಿ' ಎಂಬ ಜಾಗ ಬಂತು. ಅದೂ ಸರಿಹೋಗಲಿಲ್ಲ. ನಿಜವಾಗಿ ಅಡ್ಡಿ ಇದ್ದ ಹೆಚ್ಚಿನವರು 'ಏನಿಲ್ಲ' ಅಂತ ಬರೆದಿದ್ದರು. ಬಡತನವನ್ನು ಮೆಚ್ಚುಗೆಯಾಗುವ ಹಾಗೆ ಹೇಳಿಕೊಳ್ಳುವುದಕ್ಕೂ ಒಂದು ಶಿಕ್ಷಣ ಬೇಕಲ್ಲ.

ಸಂದರ್ಶನದ ದಿನ ಬಂತು. ದನಿಗೆ ಪರದೆ ಇಲ್ಲ. ಇರುವಷ್ಟರಲ್ಲಿ ಕಟ್ಟು ಮಾಡಿಕೊಂಡೆವು. ಎಲ್ಲರಿಗೂ ಅವೇ ಆರು ಪ್ರಶ್ನೆ, ಅದೇ ಅನುಕ್ರಮದಲ್ಲಿ. ಅಭ್ಯರ್ಥಿ ಹೊರಗೆ ಹೋದ ಮೇಲೆ ಒಬ್ಬರೊಬ್ಬರು ಮಾತಾಡುವ ಮೊದಲೇ ಅಂಕ ಬರೆದು ಹಾಳೆ ಮಗುಚಿಡಬೇಕು. ಹಿರಿಯರ 'ಆದ್ರೆ'ಗೆ ಅವಕಾಶ ಇಲ್ಲ. ವ್ಯಕ್ತಿತ್ವದ ಕಾಲಂ ರದ್ದು. ಸಂವಹನಕ್ಕೆ ಅಂಕ ಕೊಟ್ಟರೆ ಪಕ್ಕದಲ್ಲಿ ಅಭ್ಯರ್ಥಿ ಹೇಳಿದ ಒಂದು ಮಾತನ್ನು ಸಾಕ್ಷಿಯಾಗಿ ಬರೆಯಬೇಕು. ಈ ಕೊನೆಯ ನಿಯಮ ನನ್ನನ್ನು ಹಿಡಿದು ಹಾಕಿತು.

ಮೂರನೆಯವನು ಚೆನ್ನಾಗಿ ಮಾತಾಡಿದ. ತೂಕದ ದನಿ, ಬೇಕಾದ ಕಡೆ ಇಂಗ್ಲಿಷು, ಬೇಕಾದ ಕಡೆ ಗಟ್ಟಿ ಕನ್ನಡ, ಎಲ್ಲೂ ಎಡವಲಿಲ್ಲ. ಅವನು ಬಾಗಿಲು ಮುಚ್ಚುವ ಮೊದಲೇ ನನ್ನ ಪೆನ್ನು 9 ಅಂತ ಬರೆದಿತ್ತು. ಸಾಕ್ಷಿ ಬರೆಯಲು ಹೋದೆ. ಪೆನ್ನು ನಿಂತಿತು. ಎರಡು ನಿಮಿಷ ಕೂತು ಯೋಚಿಸಿದೆ. ಅವನು ಹೇಗೆ ಹೇಳಿದ ಅನ್ನುವುದು ಪೂರ್ತಿ ನೆನಪಿದೆ, ಏನು ಹೇಳಿದ ಅನ್ನುವುದು ಒಂದು ವಾಕ್ಯವೂ ಇಲ್ಲ. ಅವನು ಮಾತಾಡುತ್ತಿದ್ದಷ್ಟು ಹೊತ್ತೂ ನಾನು ತಲೆಯಾಡಿಸಿದ್ದೆ. ತಲೆಯಾಡಿಸುತ್ತ ಕೂತಿದ್ದರಿಂದ ಅವನ ಮಾತು ಇನ್ನೂ ಸಲೀಸಾಗಿ ಹರಿದಿರಬೇಕು. ಹನ್ನೊಂದನೇ ಸಾಲಿನ ಹುಡುಗಿಯ ಎದುರು ನಾನು ತಲೆಯಾಡಿಸಿದ್ದೆನೇ?

ಆ ರಾತ್ರಿ ಹಳೆಯ ಹಾಳೆ ಹುಡುಕಿ ತೆಗೆದೆ. ಮೂರು, ನಾಲ್ಕು, 'ಪಾಲಿಶ್ ಸಾಲದು'. ಹಿರಿಯರು ಅವಳಿಗೆ ಸಂವಹನದಲ್ಲಿ 5 ಕೊಟ್ಟಿದ್ದರು. ಹುಟ್ಟಿನಿಂದಲೇ ಹಕಾರ ಇದ್ದವರು ಅವರು. ಅವರಿಗಿಂತ ಕಡಿಮೆ ಕೊಟ್ಟವಳು ನಾನು.

ಅಂಬೇಡ್ಕರ್ ಜಾತಿವ್ಯವಸ್ಥೆಯನ್ನು ಬರೀ ಅಸಮಾನತೆ ಅನ್ನಲಿಲ್ಲ, ಶ್ರೇಣೀಕೃತ ಅಸಮಾನತೆ ಅಂದರು. ಅದರ ಬಲ ಇರುವುದು ಮೆಟ್ಟಿಲುಗಳಲ್ಲಿ. ತೀರಾ ಕೆಳಗಿನವರನ್ನು ಬಿಟ್ಟರೆ ಪ್ರತಿಯೊಬ್ಬರಿಗೂ ಕೆಳಗೆ ಇನ್ನೊಬ್ಬರು ಸಿಗುತ್ತಾರೆ, ಹಾಗಾಗಿ ಮೇಲಿನವರ ಮೇಲೆ ಸಿಟ್ಟು ಬಂದರೂ ಏಣಿಯನ್ನೇ ಬೀಳಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಓದಿ, ಸಭೆಗಳಲ್ಲಿ ಹೇಳಿ, ಕೈಪಿಡಿಯಲ್ಲಿ ಬರೆದಿದ್ದ ಮಾತು ಇದು. ಉಚ್ಚಾರಣೆಯ ಏಣಿ ಜಾತಿಯ ಏಣಿಯೇ ಅಲ್ಲ, ಆದರೆ ಎರಡೂ ಒಂದೇ ಗೋಡೆಗೆ ಒರಗಿವೆ. 'ಹ' ಕೇಳಿದ ಕೂಡಲೇ ನಮ್ಮ ಕಿವಿ ಶಾಲೆ, ಜಾತಿ, ವರ್ಗ ಮೂರನ್ನೂ ಒಟ್ಟಿಗೆ ಅಳೆದುಬಿಡುತ್ತದೆ. ನಾನು ಆ ಹುಡುಗಿಗೆ 3 ಕೊಟ್ಟದ್ದು ಅವಳು ಅರ್ಥವಾಗಲಿಲ್ಲ ಅಂತಲ್ಲ. ಮೇಜಿನ ಈಚೆ ಕೂತ ಇನ್ನಿಬ್ಬರಿಗೆ ನಾನು ಅವಳ ಕಡೆಯವಳಲ್ಲ ಅಂತ ತಿಳಿಯಲಿ ಅಂತ.

ಹೆಣ್ಣು ಅನ್ನುವುದೂ ಇತ್ತು. ಹಳೆಯ ಷರಾಗಳನ್ನು ಕಿರಿಯಳು ಓದಿ ಹೇಳುತ್ತಿದ್ದಾಗ, ತಪ್ಪು ಪ್ರಶ್ನೆಯನ್ನು ಎತ್ತಿ ತೋರಿಸಿದ ಹುಡುಗನಿಗೆ 'ದಿಟ್ಟ' ಅಂತಲೂ ಅದನ್ನೇ ಮಾಡಿದ ಈಕೆಗೆ 'ಸ್ವಲ್ಪ ಜೋರು' ಅಂತಲೂ ಇತ್ತು. ಎರಡೂ ಹಿರಿಯರ ಬರಹ, ಎರಡಕ್ಕೂ ನಾನು ಸಹಿ ಹಾಕಿದ್ದೆ. ಎರಡು ತಾರತಮ್ಯಗಳು ಒಬ್ಬರ ಮೇಲೇ ಬಂದು ಕೂಡುವ ಇಂಥ ಅಡ್ಡಹಾಯುವಿಕೆಗೆ ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ 'ಇಂಟರ್‌ಸೆಕ್ಷನಾಲಿಟಿ' ಎಂಬ ಹೆಸರು ಕೊಟ್ಟರು. ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ ಒಂದು 1970ರ ದಶಕದ ಮೊಕದ್ದಮೆ. ಒಂದು ವಾಹನ ಕಂಪನಿಯ ವಿರುದ್ಧ ಕಪ್ಪು ಮಹಿಳೆಯರು ಹೂಡಿದ್ದು. ಕಂಪನಿ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿದೆ, ಅವರು ಬಿಳಿಯರು. ಕರಿಯರನ್ನೂ ತೆಗೆದುಕೊಂಡಿದೆ, ಅವರು ಗಂಡಸರು. ಎರಡನ್ನೂ ಕೂಡಿಸಿ ಹೊಸದೊಂದು ವರ್ಗ ಮಾಡಿಕೊಡಲಾಗದು ಅಂತ ನ್ಯಾಯಾಲಯ ಅಂದಿತು. ನಮ್ಮ ಪಟ್ಟಿಯಲ್ಲೂ ಹಾಗೇ. ಹೆಂಗಸರು ಇದ್ದರು, 'ಅಕ್ಕು' ಅನ್ನುವ ಒಂದಿಬ್ಬರು ಗಂಡಸರೂ ಇದ್ದರು.

ಆ ಹುಡುಗಿಗೆ ಫೋನ್ ಮಾಡಿದಿರಾ ಅಂತ ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ಇಲ್ಲ. ನಂಬರು ಕಡತದಲ್ಲೇ ಇತ್ತು. ಮಾಡಿದ್ದರೆ ಅವಳು "ಪರವಾಗಿಲ್ಲ ಮೇಡಂ" ಅನ್ನಬೇಕಾಗುತ್ತಿತ್ತು, ಅದೂ ನನಗಾಗಿ ಅವಳು ಮಾಡುವ ಇನ್ನೊಂದು ಕೆಲಸವಾಗುತ್ತಿತ್ತು.

ಹೊಸ ರೀತಿಯಲ್ಲಿ ಆರಿಸಿದವರು ಬಂದು ಸೇರಿದರು. ಪವಾಡವೇನೂ ಆಗಲಿಲ್ಲ. ಬಂದವರಲ್ಲಿ ಒಬ್ಬ, ಹಳೆಯ ಕ್ರಮದಲ್ಲಿ ಖಂಡಿತ ಒಳಗೆ ಬರುತ್ತಿರಲಿಲ್ಲ. ಹಳ್ಳಿಗಳ ಸಭೆಗೆ ಹೋದರೆ ಜನ ಅವನನ್ನು ಬಿಡುತ್ತಿರಲಿಲ್ಲ. ನಾಳೆ ಹೊರಗಿನವರ ಮುಂದೆ ನಿಂತು ಮಾತಾಡಬೇಕಲ್ಲ ಎನ್ನುತ್ತಿದ್ದ ಹಿರಿಯರು ಒಂದು ದಿನ ಅವನ ಜೊತೆ ಹೋಗಿ ಬಂದು, "ನಾವು ಇಷ್ಟು ವರ್ಷ ಯಾರ ಹತ್ರ ಮಾತಾಡ್ತಿದ್ವಿ ಅಂತ ಅನ್ನಿಸ್ತು" ಅಂದರು. ಅಷ್ಟು ಅಂದದ್ದು ದೊಡ್ಡದು, ಅವರ ಮಟ್ಟಿಗೆ.

ಕಚೇರಿಯೊಳಗಿನ ಸಭೆಗಳಲ್ಲಿ ಮಾತ್ರ ಅವನು ದಿನದಿನಕ್ಕೆ ಕಡಿಮೆ ಮಾತಾಡತೊಡಗಿದ. ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು 'ಅಕ್ಕು' ಅಂದಾಗ ಒಂದಿಬ್ಬರ ಕಣ್ಣು ಒಂದು ಕ್ಷಣ ನನ್ನ ಕಡೆ ತಿರುಗುತ್ತಿತ್ತು, ನಾನು ನಗುತ್ತೇನಾ ಅಂತ ನೋಡಲು. ನಾನು ನಗುತ್ತಿರಲಿಲ್ಲ. ಆದರೆ ಆ ಕಣ್ಣುಗಳು ತಿರುಗಿದ್ದನ್ನು ಅವನೂ ನೋಡುತ್ತಿದ್ದ.

ಮೂರು ತಿಂಗಳಾಗಿರಬೇಕು. ಒಂದು ವರದಿ ಓದುತ್ತ ಅವನು "ಹಾದರೆ" ಅಂದ. ನನ್ನ ಬೆನ್ನು ನೆಟ್ಟಗಾಯಿತು. ಸಭೆ ಮುಗಿದ ಮೇಲೆ ಕರೆದು, "ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಕೇಳಿದೆ. "ಇಲ್ಲ ಮೇಡಂ, ಎಲ್ರೂ ಒಳ್ಳೇವ್ರೇ" ಅಂದ. 'ಎಲ್ರೂ' ಅನ್ನುವಲ್ಲಿ ಒಂದು ಉಸಿರು ತಡೆದದ್ದು ಕೇಳಿಸಿತು, 'ಹೆಲ್ರೂ' ಆಗದಿರಲಿ ಅಂತ.

ಮುಂದಿನ ಸಭೆಯಲ್ಲಿ ನಾನೊಂದು ಪ್ರಯತ್ನ ಮಾಡಿದೆ. ಯಾರಿಗೂ ಹೇಳಿರಲಿಲ್ಲ. ಹೊಸ ಕೈಪಿಡಿಯ ಬಗ್ಗೆ ಮಾತಾಡುವಾಗ, ನಮ್ಮ ಮನೆಯಲ್ಲಿ ಹೇಗೆ ಹೇಳುತ್ತಿದ್ದೆವೋ ಹಾಗೇ ಹೇಳೋಣ ಅಂತ ಬಾಯಿ ತೆರೆದು, "ಇದು ಜನರ ಅಕ್ಕು" ಅಂದೆ. ಮೂವತ್ತೈದು ವರ್ಷದ ಮೇಲೆ ಮೊದಲ ಸಲ.

ಎಲ್ಲರೂ ನಕ್ಕರು. ಜೋರಾಗಿ, ಖುಷಿಯಾಗಿ. ಮೇಡಂ ಎಷ್ಟು ಚೆನ್ನಾಗಿ ಮಿಮಿಕ್ರಿ ಮಾಡ್ತಾರೆ ಅಂತ ಯಾರೋ ಅಂದರು. ನಾನು ಅವನ ಕಡೆ ನೋಡಿದೆ. ಅವನೂ ನಗಲು ನೋಡಿದ, ಆಮೇಲೆ ತಲೆ ತಗ್ಗಿಸಿ ಮುಂದಿದ್ದ ಹಾಳೆಗಳನ್ನು ಜೋಡಿಸಿಕೊಳ್ಳತೊಡಗಿದ.